ವಾರಕ್ಕೊಂದು ಬಿಡುವಿನ ದಿನ: ತಯಾರಿ ಹಿಂದಿನ ದಿನವೇ ಶುರು

"ಭಾನುವಾರ ರಜೆ ಇರುತ್ತೆ. ಆದ್ರೂ ಸೋಮವಾರ ಬೆಳಿಗ್ಗೆ ಏಳುವಾಗ ಮೈಯೆಲ್ಲ ಭಾರ. ಯಾಕೆ ಹೀಗೆ?" ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಕಂಪನಿ ಕೆಲಸದವರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ಮನೆ ಮಕ್ಕಳು ಅಂತ ಇಡೀ ವಾರ ಓಡಾಡುವ ತಾಯಂದಿರಿದ್ದಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನಿಮ್ಮ ಕಳೆದ ಭಾನುವಾರವನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ತಡವಾಗಿ ಎದ್ದಿರಿ. ವಾರದ ಬಟ್ಟೆ ಒಗೆದಿರಿ. ತರಕಾರಿ ತಂದಿರಿ. ಯಾವುದೋ ಗೃಹಪ್ರವೇಶಕ್ಕೆ ಹೋಗಿ ಬಂದಿರಿ. ನಡುನಡುವೆ ಫೋನು. ಸಂಜೆ ಮಕ್ಕಳ ಯೂನಿಫಾರ್ಮ್ ಇಸ್ತ್ರಿ. ಆಫೀಸಿನ ಕೆಲಸ ನಿಂತಿತ್ತು ನಿಜ, ಆದರೆ ನೀವು ನಿಂತಿರಲಿಲ್ಲ. ರಜೆ ಮೇಲಿನವರು ಕೊಡುವಂಥದ್ದು. ಬಿಡುವನ್ನು ನಾವೇ ಮಾಡಿಕೊಳ್ಳಬೇಕು, ಅದಕ್ಕೆ ಒಂದಷ್ಟು ತಯಾರಿ ಬೇಕು. ಹಬ್ಬಕ್ಕೆ ತಯಾರಿ ಮಾಡ್ತೀವಲ್ಲ, ಹಾಗೆ.

"ಸುಮ್ನೆ ಕೂರೋದು ಸೋಮಾರಿತನ ಅಲ್ವಾ? ಕಾಯಕವೇ ಕೈಲಾಸ ಅಂತ ಹೇಳಿದ ನಾಡು ನಮ್ಮದು" ಅಂತಲೂ ಕೆಲವರು ಕೇಳುತ್ತಾರೆ. ಅದೇ ನಾಡಿನಲ್ಲಿ ಎಷ್ಟೋ ಊರುಗಳ ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಇದ್ದರೂ, ಮಳೆ ಕೈಕೊಡುವ ಹಾಗಿದ್ದರೂ ಆ ದಿನ ಎತ್ತು ಮೈ ತೊಳೆಸಿಕೊಂಡು ಮೇಯುತ್ತದೆ. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ಬೇಕು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಎತ್ತಿಗೆ ಕೊಟ್ಟದ್ದನ್ನು ನಾವು ನಮಗೆ ಕೊಟ್ಟುಕೊಳ್ಳಲಿಲ್ಲ, ಅಷ್ಟೇ.

ಇದನ್ನು ಬಹಳ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವರು ಯಹೂದ್ಯರು. ಅವರ ಸಬ್ಬತ್, ಅಂದರೆ ವಾರದ ಬಿಡುವಿನ ದಿನ, ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಗುತ್ತದೆ. ಶನಿವಾರ ರಾತ್ರಿ ನಕ್ಷತ್ರ ಕಾಣುವ ಹೊತ್ತಿಗೆ ಮುಗಿಯುತ್ತದೆ. ಅದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ. ಆ ಬಿಡುವು ಮನೆ ಯಜಮಾನನಿಗೆ ಮಾತ್ರ ಸೇರಿದ್ದಲ್ಲ. ಮಗ, ಮಗಳು, ಆಳು, ದನ, ಮನೆಗೆ ಬಂದ ಪರವೂರಿನವನು, ಎಲ್ಲರ ಹೆಸರನ್ನೂ ಹೇಳಿ ಎಲ್ಲರಿಗೂ ಬಿಡುವು ಕೊಡಬೇಕು ಅನ್ನುತ್ತದೆ ಆ ನಿಯಮ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಹೇಳುವ ಅರ್ಧ ಮಾತು ಇದರ ಮೇಲೇ ನಿಂತಿದೆ.

ನಮ್ಮ ದೇಶದ ಭಾನುವಾರದ ರಜೆಯೂ ಸುಮ್ಮನೆ ಬಂದದ್ದಲ್ಲ. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕರು ವಾರದ ಏಳೂ ದಿನ ದುಡಿಯುತ್ತಿದ್ದರು. ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ಈ ಕಾರ್ಮಿಕರನ್ನು ಒಟ್ಟುಗೂಡಿಸಿ 1884ರಿಂದ ವಾರದ ರಜೆ ಕೇಳುತ್ತಾ ಬಂದರು. ಗಿರಣಿ ಮಾಲೀಕರು ಒಪ್ಪಿದ್ದು 1890ರಲ್ಲಿ. ಆರು ವರ್ಷ ಹೋರಾಡಿ ಪಡೆದ ದಿನ ಅದು. ಅದನ್ನು ಇಸ್ತ್ರಿ ಪೆಟ್ಟಿಗೆಗೆ ಕೊಟ್ಟು ಕಳೆಯುವುದು ಬೇಡ.

ಏನೇನು ಬೇಕು?

ದುಡ್ಡು ಬೇಡ, ರೆಸಾರ್ಟ್ ಬೇಡ. ಗೋಡೆಗೆ ಹಾಕುವ ಕ್ಯಾಲೆಂಡರ್, ಒಂದು ನೋಟ್‌ಬುಕ್, ಪೆನ್ನು, ಮುಚ್ಚಳ ಇರುವ ಒಂದು ಡಬ್ಬಿ, ಚಿಲ್ಲರೆ ನೋಟುಗಳಲ್ಲಿ ಸುಮಾರು 500 ರೂಪಾಯಿ ನಗದು. ಡಬ್ಬಿ ಮತ್ತು ನಗದು ಯಾಕೆ ಅಂತ ಫೋನಿನ ಹಂತದಲ್ಲಿ ಹೇಳುತ್ತೇನೆ. ಇದಕ್ಕಿಂತ ಮುಖ್ಯವಾಗಿ ಬೇಕಾದದ್ದು ಮನೆಯವರ ಒಪ್ಪಿಗೆ.

ಹಂತ 1: ದಿನ ಆರಿಸಿ

ಭಾನುವಾರವೇ ಆಗಬೇಕು ಅಂತಿಲ್ಲ. ನಿಮ್ಮ ಮನೆಯ ಕೆಲಸದ ಹರಿವು ಎಲ್ಲಿ ಕಡಿಮೆ ಇದೆ ಅಂತ ನೋಡಿ. ಸಂತೆ ಯಾವತ್ತು? ನಲ್ಲಿ ನೀರು ಯಾವತ್ತು? ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ ದಿನಾ ನೀರು ಬರುವುದಿಲ್ಲ. ನೀರು ಬಂದ ದಿನ ಕೊಡ, ಡ್ರಮ್ಮು, ಟ್ಯಾಂಕು ಅಂತ ಇಡೀ ಮನೆ ಓಡಾಡುತ್ತದೆ. ಆ ದಿನ ಬಿಡುವು ಇಟ್ಟುಕೊಂಡರೆ ಮೊದಲ ವಾರವೇ ಮುರಿಯುತ್ತದೆ.

ನಿಮ್ಮ ಕಸುಬಿನವರೆಲ್ಲ ಒಂದೇ ದಿನ ರಜೆ ಮಾಡುತ್ತಿದ್ದರೆ ಆ ದಿನವೇ ಒಳ್ಳೆಯದು. ನಮ್ಮಲ್ಲಿ ಬಹಳಷ್ಟು ಕ್ಷೌರದ ಅಂಗಡಿಗಳು ಮಂಗಳವಾರ ಮುಚ್ಚಿರುತ್ತವೆ. ಎಲ್ಲರೂ ಮುಚ್ಚುವುದರಿಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನುವ ಭಯ ಯಾರಿಗೂ ಇಲ್ಲ. ಬೇರೆ ಅಂಗಡಿಯವರೂ ಬೀದಿಯಲ್ಲಿ ನಾಲ್ಕು ಜನ ಮಾತಾಡಿಕೊಂಡು ಹೀಗೆ ಮಾಡಬಹುದು.

ಗಲ್ಫ್‌ನಲ್ಲಿರುವ ಕರಾವಳಿಯವರು ಇದನ್ನು ಬೇರೆ ಥರ ನೋಡಬೇಕು. ಸೌದಿ, ಕುವೈತ್‌ಗಳಲ್ಲಿ ವಾರದ ರಜೆ ಶುಕ್ರವಾರ-ಶನಿವಾರ. ಯುಎಇ 2022ರ ಜನವರಿಯಿಂದ ಶನಿವಾರ-ಭಾನುವಾರಕ್ಕೆ ಬದಲಾಯಿತು. ಊರಲ್ಲಿರುವ ಮನೆಯವರ ಭಾನುವಾರಕ್ಕೂ ನಿಮ್ಮ ಬಿಡುವಿಗೂ ಹೊಂದಿಸಲು ಒದ್ದಾಡಬೇಡಿ. ನಿಮ್ಮಲ್ಲಿ ಯಾವತ್ತು ರಜೆಯೋ ಅದನ್ನೇ ಹಿಡಿಯಿರಿ.

ದಿನ ಆರಿಸಿದ ಮೇಲೆ ಕ್ಯಾಲೆಂಡರಿನಲ್ಲಿ ಮುಂದಿನ ಎಂಟು ವಾರಕ್ಕೆ ಗುರುತು ಹಾಕಿ. ಈ ವಾರ ಗುರುವಾರ, ಮುಂದಿನ ವಾರ ನೋಡೋಣ ಅಂದರೆ ನಡೆಯುವುದಿಲ್ಲ. ದಿನ ಓಡಾಡುತ್ತಿದ್ದರೆ ಮೈಗೂ ಅಭ್ಯಾಸ ಆಗುವುದಿಲ್ಲ, ನೆಂಟರಿಗೂ ಗೊತ್ತಾಗುವುದಿಲ್ಲ.

ಎಚ್ಚರಿಕೆ: ಮೊದಲ ಸಲವೇ 24 ಗಂಟೆಗೆ ಕೈ ಹಾಕಬೇಡಿ. ಮೊದಲ ಎರಡು ವಾರ ಆರು ಗಂಟೆ ಸಾಕು. ಮೂರನೇ ವಾರದಿಂದ ಬೆಳಿಗ್ಗೆಯಿಂದ ಸಂಜೆವರೆಗೆ. ಆಮೇಲೆ ಹಿಂದಿನ ಸಂಜೆಯನ್ನೂ ಸೇರಿಸಿಕೊಳ್ಳಿ.

ಹಂತ 2: ಯಾವುದು ಕೆಲಸ ಅಂತ ಮನೆಯವರೆಲ್ಲ ಕೂತು ತೀರ್ಮಾನಿಸಿ

ಹೆಚ್ಚಿನವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಆಮೇಲೆ "ನಮ್ಮನೇಲಿ ಇದು ಆಗಲ್ಲ" ಅನ್ನುತ್ತಾರೆ.

ಒಬ್ಬರಿಗೆ ಕೆಲಸ ಅನ್ನಿಸಿದ್ದು ಇನ್ನೊಬ್ಬರಿಗೆ ಸುಖ. ಗಿಡಕ್ಕೆ ಪಾತಿ ಮಾಡುವುದು ನನಗೆ ಬಿಡುವು, ನಿಮಗೆ ಬೆನ್ನು ನೋವು ಇರಬಹುದು. ಆದ್ದರಿಂದ ನೋಟ್‌ಬುಕ್ ತೆಗೆದು ಪ್ರತಿಯೊಬ್ಬರೂ ಎರಡು ಪಟ್ಟಿ ಬರೆಯಿರಿ. ಆ ದಿನ ಮಾಡದೇ ಇರುವ ಕೆಲಸಗಳು ಒಂದರಲ್ಲಿ. ಮಾಡಿದರೆ ಮನಸ್ಸು ಹಗುರ ಆಗುವಂಥವು ಇನ್ನೊಂದರಲ್ಲಿ. ಮಕ್ಕಳಿಗೂ ಬರೆಯಲು ಹೇಳಿ. ಹೋಂವರ್ಕ್ ಮೊದಲ ಪಟ್ಟಿಗೆ ಹೋಗುತ್ತದೆ. ಹೋಗಲಿ ಬಿಡಿ, ಅದನ್ನು ಹಿಂದಿನ ದಿನ ಮುಗಿಸುವ ದಾರಿ ನೋಡಿ.

ಈಗ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಒಂದು ಪ್ರಶ್ನೆ ಕೇಳಿ: ನನ್ನ ಬಿಡುವು ಯಾರ ಕೆಲಸದ ಮೇಲೆ ನಿಂತಿದೆ?

ನಮ್ಮ ಮನೆಯಲ್ಲಿ ಮೊದಲ ಸಲ ಬಿಡುವಿನ ದಿನ ಮಾಡಿದಾಗ ಎಲ್ಲರೂ ಜಗಲಿಯಲ್ಲಿ ಕೂತು ಹರಟೆ ಹೊಡೆದೆವು. ಅಮ್ಮ ಮಾತ್ರ ಒಳಗಿದ್ದರು. ಬಿಡುವು ಅಂತ ಎರಡು ಬಗೆ ಜಾಸ್ತಿ ಅಡುಗೆ ಮಾಡುತ್ತಿದ್ದರು. ಅದನ್ನು ನಾವು ಯಾರೂ ಗಮನಿಸಿರಲೇ ಇಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ. ಮನೆಯ ಒಬ್ಬರು ದಣಿದು ಉಳಿದವರು ಆರಾಮ ಮಾಡಿದರೆ ಅದನ್ನು ನಾನು ಬಿಡುವಿನ ದಿನ ಅಂತ ಕರೆಯುವುದಿಲ್ಲ. ಅಡುಗೆ, ಪಾತ್ರೆ, ಕಸ, ಮಗುವಿನ ಸ್ನಾನ, ಹಿರಿಯರ ಮಾತ್ರೆ, ಪೂಜೆಯ ತಯಾರಿ ಎಲ್ಲವನ್ನೂ ಪಟ್ಟಿಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಈಗ ಮಾಡುವವರ ಹೆಸರು ಬರೆಯಿರಿ. ಒಂದೇ ಹೆಸರು ಹತ್ತು ಸಲ ಬಂದರೆ ಸಮಸ್ಯೆ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಜಗಳ ಬೇಕಾಗುವುದಿಲ್ಲ.

ಮನೆಗೆಲಸಕ್ಕೆ ಬರುವವರ ಲೆಕ್ಕವೂ ಇದರಲ್ಲಿ ಸೇರಬೇಕು. ನಿಮ್ಮ ಬಿಡುವಿನ ದಿನ ಅವರನ್ನು ಕರೆದು ಜಾಸ್ತಿ ಪಾತ್ರೆ ತೊಳೆಸುವುದು ಸರಿಯಲ್ಲ. ವಾರಕ್ಕೊಂದು ದಿನ ಅವರಿಗೂ ರಜೆ ಕೊಡಿ, ಅದಕ್ಕೆ ಸಂಬಳ ಹಿಡಿಯಬೇಡಿ. ಅಂಗಡಿ ನಡೆಸುವವರಿಗೆ ಇದು ಕಾನೂನೇ ಆಗಿದೆ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಕೆಲಸದವರಿಗೆ ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಬೇಕು. ಅಂಗಡಿ ವರ್ಷವಿಡೀ ತೆರೆದಿದ್ದರೂ ಕೆಲಸದವರಿಗೆ ಸರದಿಯ ಮೇಲೆ ರಜೆ ಸಿಗಬೇಕು.

ಹಂತ 3: ಹಿಂದಿನ ದಿನದ ತಯಾರಿ

ಬಿಡುವಿನ ದಿನ ಚೆನ್ನಾಗಿ ಆಗುತ್ತದೋ ಇಲ್ಲವೋ ಅನ್ನುವುದು ಹಿಂದಿನ ದಿನವೇ ಗೊತ್ತಾಗುತ್ತದೆ. ಭಾನುವಾರ ಅಂತ ಇಟ್ಟುಕೊಂಡರೆ ನಿಮ್ಮ ಕೆಲಸ ಶುಕ್ರವಾರ ರಾತ್ರಿಯೇ ಶುರು.

ಶುಕ್ರವಾರ ಬಟ್ಟೆ ಒಗೆಯಿರಿ. ಶನಿವಾರ ಇಸ್ತ್ರಿ, ತರಕಾರಿ, ಗಾಡಿಗೆ ಪೆಟ್ರೋಲು, ಸೋಮವಾರದೊಳಗೆ ಕಟ್ಟಬೇಕಾದ ಬಿಲ್ಲು. ಕರೆಂಟ್ ಬಿಲ್, ಸಾಲದ ಕಂತು, ಮಕ್ಕಳ ಫೀಸು, ಇಂಥವು ತಲೆಯ ಮೂಲೆಯಲ್ಲಿ ಕೊರೆಯುತ್ತಿದ್ದರೆ ಕೂತರೂ ಬಿಡುವು ಸಿಗುವುದಿಲ್ಲ. ಕಟ್ಟಲು ಆಗದಿದ್ದರೆ ಕೊನೇ ಪಕ್ಷ ಯಾವತ್ತು ಕಟ್ಟುವುದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆದ ಮೇಲೆ ತಲೆ ಅದನ್ನು ಹಿಡಿದುಕೊಳ್ಳುವುದಿಲ್ಲ. ಅರ್ಧಕ್ಕೆ ನಿಂತ ಆಫೀಸಿನ ಕೆಲಸಕ್ಕೂ ಇದೇ ಉಪಾಯ: "ಸೋಮವಾರ ಬೆಳಿಗ್ಗೆ ಇಲ್ಲಿಂದ ಶುರು ಮಾಡಬೇಕು" ಅಂತ ಒಂದು ಸಾಲು ಬರೆದು ಮುಚ್ಚಿಡಿ.

ಈಗ ಅಡುಗೆಮನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲ ಸಿಕ್ಕಿಬೀಳುವುದು ಇಲ್ಲಿಯೇ.

ಯಹೂದ್ಯರ ಮನೆಗಳಲ್ಲಿ ಸಬ್ಬತ್ ದಿನ ಒಲೆ ಹಚ್ಚುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಬೆಳಕಿರುವಾಗಲೇ ಕಾಳು, ಆಲೂಗೆಡ್ಡೆ, ಮಾಂಸ ಹಾಕಿದ ಚೋಲೆಂಟ್ ಎಂಬ ಅಡುಗೆಯನ್ನು ಸಣ್ಣ ಉರಿಯಲ್ಲಿ ಇಟ್ಟುಬಿಡುತ್ತಾರೆ. ಅದು ರಾತ್ರಿಯಿಡೀ ಬೆಂದು ಶನಿವಾರ ಮಧ್ಯಾಹ್ನದ ಊಟ ಆಗುತ್ತದೆ. ನಮಗೆ ಅಷ್ಟು ಕಷ್ಟವೂ ಇಲ್ಲ. ಬುತ್ತಿ ಕಟ್ಟುವ ಜನ ನಾವು, ಕೆಡದೆ ಉಳಿಯುವ ಊಟ ನಮ್ಮಲ್ಲಿ ಬೇಕಾದಷ್ಟಿದೆ.

ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ ಇದ್ದರೆ ಊಟ ಮುಗಿಯಿತು. ಸಂಜೆಗೆ ಮಂಡಕ್ಕಿ. ಹಳೇ ಮೈಸೂರಿನ ಕಡೆಯವರು ಪುಳಿಯೋಗರೆ ಗೊಜ್ಜು ಮಾಡಿಟ್ಟರೆ ಅನ್ನ ಕಲಸುವುದಷ್ಟೇ ಬಾಕಿ. ಮುದ್ದೆ ಬಿಸಿಯಾಗಿಯೇ ಇರಬೇಕು, ಆ ದಿನ ಅದನ್ನು ಬಿಡಿ. ಹಿಂದಿನ ದಿನದ ಬಸ್ಸಾರಂತೂ ಮರುದಿನ ಇನ್ನೂ ರುಚಿ, ಬಿಸಿ ಮಾಡಿಕೊಂಡರೆ ಸಾಕು. ಮಲೆನಾಡಿನವರಿಗೆ ತಂಬುಳಿ ಇದೆ. ಒಂದೆಲಗವೋ ದೊಡ್ಡಪತ್ರೆಯೋ ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ಮುಗಿಯಿತು. ಕರಾವಳಿಯವರು ಕುಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಚಟ್ನಿ ಸಾಕು ಅನ್ನುತ್ತಾರೆ. ಬೆಳಿಗ್ಗೆಗೆ ಮೊಸರವಲಕ್ಕಿ, ಬಾಳೆಹಣ್ಣು. ಕಾಫಿ ಡಿಕಾಕ್ಷನ್ ರಾತ್ರಿಯೇ ಇಳಿಸಿಡಿ.

ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗದೆ ಇರಬೇಕಾದರೆ ಅನ್ನವನ್ನು ಚೆನ್ನಾಗಿ ಮಸೆದು ಹಾಲು ಜಾಸ್ತಿ ಹಾಕಿ, ಆರಿದ ಮೇಲೆ ಒಂದೆರಡು ಚಮಚ ಮೊಸರು ಬೆರೆಸಿ. ಊಟದ ಹೊತ್ತಿಗೆ ಸರಿಯಾಗಿ ಹೆಪ್ಪಾಗಿರುತ್ತದೆ.

ಎಚ್ಚರಿಕೆ: ಬೇಯಿಸಿದ ಅನ್ನವನ್ನು ರಾತ್ರಿಯಿಡೀ ಹೊರಗೆ ಇಡಬೇಡಿ. ಅನ್ನದಲ್ಲಿ ಉಳಿದುಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ ಬೆಚ್ಚಗಿನ ಜಾಗದಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಇಡಿ. ಫ್ರಿಜ್ಜು ಇಲ್ಲದಿದ್ದರೆ ರೊಟ್ಟಿ, ಅವಲಕ್ಕಿ, ಮಂಡಕ್ಕಿಯಂಥ ಒಣ ಪದಾರ್ಥವೇ ವಾಸಿ.

ಭಾನುವಾರದ ಬಾಡೂಟ ಬಿಡಲಾಗದ ಮನೆಗಳೂ ಇವೆ. ಶನಿವಾರ ಮಾಂಸ ಮಾಡದವರು ಅದನ್ನು ಹಿಂದಿನ ದಿನಕ್ಕೂ ತಳ್ಳುವಂತಿಲ್ಲ. ಅಂಥವರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಎಲ್ಲರೂ ಸೇರಿ ಪಾತ್ರೆ ತೊಳೆದು, ಎರಡು ಗಂಟೆಯಿಂದ ಬಿಡುವು ಶುರು ಮಾಡಿ. ಇಲ್ಲವೇ ಬಾಡೂಟವನ್ನು ಬುಧವಾರ ರಾತ್ರಿಗೆ ಸಾಗಿಸಿ.

ಕೆಲವರ ಮನೆಯಲ್ಲಿ ವಾರಕ್ಕೊಂದು ದಿನ ಒಪ್ಪತ್ತು ಇರುತ್ತದೆ. ಅಂದರೆ ದಿನಕ್ಕೆ ಒಂದೇ ಹೊತ್ತು ಊಟ. ಅದೇ ದಿನ ಬಿಡುವನ್ನೂ ಇಟ್ಟುಕೊಂಡರೆ ಅಡುಗೆ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ಮಟ್ಟ ಇದ್ದಕ್ಕಿದ್ದಂತೆ ಇಳಿದರೆ ಅಪಾಯ.

ಹಂತ 4: ಫೋನು

ಈಗ ಡಬ್ಬಿಯ ವಿಷಯ. ಬಿಡುವು ಶುರುವಾಗುವ ಹೊತ್ತಿಗೆ ಮನೆಯ ಎಲ್ಲ ಫೋನುಗಳೂ ಅದರೊಳಗೆ ಹೋಗುತ್ತವೆ. ದೊಡ್ಡವರದು ಮೊದಲು. ಮಕ್ಕಳ ಕೈಯಿಂದ ಕಿತ್ತುಕೊಂಡು ನಾವು ಇಟ್ಟುಕೊಂಡರೆ ಅವರು ಈ ದಿನವನ್ನು ಶಿಕ್ಷೆ ಅಂತಲೇ ತಿಳಿಯುತ್ತಾರೆ.

"ತುರ್ತು ಕರೆ ಬಂದ್ರೆ?" ಈ ಭಯ ನ್ಯಾಯವಾದದ್ದೇ. ಅದಕ್ಕೆ ಫೋನನ್ನು ಆಫ್ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಅನ್ನುವುದನ್ನು ಹಾಕಿ. ಇದು ಸದ್ದು ನಿಲ್ಲಿಸುತ್ತದೆ, ಆದರೆ ನೀವು ಆರಿಸಿದವರ ಕರೆಗೆ ಮಾತ್ರ ರಿಂಗ್ ಆಗುವಂತೆ ಮಾಡಬಹುದು. ಆಂಡ್ರಾಯ್ಡ್ ಫೋನಿನಲ್ಲಿ ನಕ್ಷತ್ರದ ಗುರುತು ಹಾಕಿದ ಹೆಸರುಗಳಿಗೆ ಅನುಮತಿ ಕೊಡಿ. ಅಪ್ಪ-ಅಮ್ಮ, ಹತ್ತಿರದ ನೆಂಟರಲ್ಲಿ ಒಬ್ಬರು, ಪಕ್ಕದ ಮನೆಯವರು. ನಾಲ್ಕೈದು ಹೆಸರು ಸಾಕು. ಅಲ್ಲಿಯೇ ರಿಪೀಟ್ ಕಾಲರ್ಸ್ ಅಂತ ಇನ್ನೊಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಸಲ ಕರೆ ಬಂದಾಗ ರಿಂಗ್ ಆಗುತ್ತದೆ. ಐಫೋನಿನಲ್ಲೂ ಇಂಥದ್ದೇ ಇದೆ, ಅಲ್ಲಿ ಮೂರು ನಿಮಿಷದ ಲೆಕ್ಕ. ನಿಜವಾಗಿ ತುರ್ತು ಇದ್ದವರು ಮತ್ತೆ ಕರೆ ಮಾಡೇ ಮಾಡುತ್ತಾರೆ.

ವಾಟ್ಸಾಪ್ ಗುಂಪುಗಳನ್ನು 8 ಗಂಟೆ ಮ್ಯೂಟ್ ಮಾಡಬಹುದು, ಒಂದು ವಾರವೂ ಮಾಡಬಹುದು, ಯಾವಾಗಲೂ ಅಂತಲೂ ಇಡಬಹುದು. ಆಫೀಸಿನ ಗುಂಪಿಗೆ ಹಿಂದಿನ ದಿನವೇ ಒಂದು ಸಾಲು ಹಾಕಿ: "ನಾಳೆ ನಾನು ಫೋನಿನಲ್ಲಿ ಸಿಗುವುದಿಲ್ಲ, ಸೋಮವಾರ 9ಕ್ಕೆ ಉತ್ತರಿಸುತ್ತೇನೆ." ಕಾರಣ ಕೊಡಬೇಡಿ, ಕ್ಷಮೆಯನ್ನೂ ಕೇಳಬೇಡಿ.

ನಗದು ಬೇಕಾಗುವುದು ಇಲ್ಲೇ. ಹಾಲಿನವರಿಗೆ, ಸೊಪ್ಪಿನವರಿಗೆ, ಆಟೋಗೆ ನಾವೆಲ್ಲ ಈಗ ಫೋನಿನಲ್ಲೇ ದುಡ್ಡು ಕೊಡುತ್ತೇವೆ. ಹತ್ತು ರೂಪಾಯಿ ಕೊಡಲು ಫೋನ್ ತೆಗೆದವರು ಅರ್ಧ ಗಂಟೆ ಅದರಲ್ಲೇ ಇರುತ್ತಾರೆ. ಚಿಲ್ಲರೆ ಕೈಯಲ್ಲಿದ್ದರೆ ಡಬ್ಬಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಹಾಗೆಯೇ ಗಡಿಯಾರ, ಅಲಾರಂ, ಟಾರ್ಚು, ಪಂಚಾಂಗ ಎಲ್ಲವೂ ಫೋನೇ ಆಗಿದ್ದರೆ ಅವಕ್ಕೂ ಬದಲಿ ಇಟ್ಟುಕೊಳ್ಳಿ.

ವಿದೇಶದಲ್ಲಿ ಮಕ್ಕಳಿರುವವರಿಗೆ ವಾರದ ಕರೆಯೇ ಸಂತೋಷ. ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ ಆಗಿರುವಾಗ ಇಲ್ಲಿ ಭಾನುವಾರ ಬೆಳಿಗ್ಗೆ. ಆ ಕರೆಯನ್ನು ಬಿಡಬೇಕಿಲ್ಲ. ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಮಾತಾಡಿ ಮುಗಿಸಿ, ಫೋನನ್ನು ಮತ್ತೆ ಡಬ್ಬಿಗೆ ಹಾಕಿ.

ಜೀವಕ್ಕೆ ಅಪಾಯ ಅಂತಾದರೆ ಮಾತ್ರ ಯಾವ ನಿಯಮವೂ ಇಲ್ಲ. ಅಷ್ಟು ಕಟ್ಟುನಿಟ್ಟಿನ ಸಬ್ಬತ್‌ನಲ್ಲೂ ಒಂದು ಜೀವ ಉಳಿಸಲು ಎಲ್ಲ ನಿಯಮವನ್ನೂ ಮುರಿಯಲೇಬೇಕು ಅಂತಿದೆ. ಆಂಬುಲೆನ್ಸಿಗೆ 108, ಎಲ್ಲ ತುರ್ತಿಗೂ 112. ಡಬ್ಬಿಯ ಮುಚ್ಚಳದ ಮೇಲೇ ಬರೆದು ಅಂಟಿಸಿ.

ಹಂತ 5: ಶುರು ಆಯಿತು ಅನ್ನುವುದಕ್ಕೆ ಒಂದು ಗುರುತು

ಮುಸ್ಸಂಜೆ ದೀಪ ಹಚ್ಚುವ ಮನೆಯಲ್ಲಿ ಇದು ಸುಲಭ. ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಕೆಲಸ ಇಲ್ಲ, ಅಷ್ಟೇ. ದೀಪ ಹಚ್ಚದವರು ಎಲ್ಲರೂ ಸೇರಿ ಕಾಫಿ ಕುಡಿಯಬಹುದು. ಅರ್ಧ ಉಳಿದ ಕೆಲಸ ಅರ್ಧವೇ ಇರಲಿ. "ಇದೊಂದು ಮುಗಿಸಿ ಬರ್ತೀನಿ" ಅನ್ನುವ ಮಾತಿಗೆ ಬಿಡಬೇಡಿ, ಅದು ಒಂದರಲ್ಲಿ ನಿಲ್ಲುವುದಿಲ್ಲ.

ಹಂತ 6: ದಿನವನ್ನು ಕಳೆಯುವುದು

ನಿದ್ದೆಯಿಂದ ಶುರು ಮಾಡೋಣ. ಹೆಚ್ಚಿನವರ ಆಸೆ ಮಧ್ಯಾಹ್ನದವರೆಗೂ ಮಲಗುವುದು. ನಾನು ಬೇಡ ಅನ್ನುತ್ತೇನೆ. ದಿನಾ ಆರಕ್ಕೆ ಏಳುವವರು ಒಂದು ದಿನ ಹತ್ತಕ್ಕೆ ಎದ್ದರೆ ಆ ರಾತ್ರಿ ಬೇಗ ನಿದ್ದೆ ಬರುವುದಿಲ್ಲ. ಸೋಮವಾರ ಬೆಳಿಗ್ಗೆಯ ಭಾರಕ್ಕೆ ಇದೂ ಒಂದು ಕಾರಣ. ವಿಮಾನದಲ್ಲಿ ದೂರದ ದೇಶಕ್ಕೆ ಹೋದವರಿಗೆ ಹಗಲು-ರಾತ್ರಿ ಅದಲುಬದಲಾಗಿ ಆಗುವ ಸುಸ್ತಿಗೆ ಜೆಟ್ ಲ್ಯಾಗ್ ಅನ್ನುತ್ತಾರಲ್ಲ, ನಿದ್ದೆಯ ವಿಜ್ಞಾನಿಗಳು ಇದಕ್ಕೂ ಸೋಷಿಯಲ್ ಜೆಟ್ ಲ್ಯಾಗ್ ಅಂತ ಹೆಸರಿಟ್ಟಿದ್ದಾರೆ. ಊರು ಬಿಡದೆ ಆಗುವ ಜೆಟ್ ಲ್ಯಾಗ್ ಅದು. ದಿನಾ ಏಳುವ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಸಾಕು. ನಿದ್ದೆ ಬಾಕಿ ಇದ್ದರೆ ಹಿಂದಿನ ರಾತ್ರಿ ಬೇಗ ಮಲಗಿ. ಮಧ್ಯಾಹ್ನ 20ರಿಂದ 30 ನಿಮಿಷದ ಕೋಳಿನಿದ್ದೆ ಮಾಡಿ. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದಾಗ ತಲೆ ಮಂಕಾಗುತ್ತದೆ.

ಎಣ್ಣೆ ಸ್ನಾನ ಈ ದಿನಕ್ಕೆ ಹೇಳಿ ಮಾಡಿಸಿದ್ದು. ಎಣ್ಣೆ ಹಚ್ಚಿಕೊಂಡು ಅರ್ಧ ಗಂಟೆ ಸುಮ್ಮನೆ ಕೂರಲೇಬೇಕು, ಬೇರೆ ಏನೂ ಮಾಡುವಂತಿಲ್ಲ. ಆ ಕೂರುವುದೇ ಅದರ ದೊಡ್ಡ ಲಾಭ ಅಂತ ನನಗೆ ಅನ್ನಿಸುತ್ತದೆ. ಒಬ್ಬರ ತಲೆಗೆ ಇನ್ನೊಬ್ಬರು ಹಚ್ಚಿ. ಬಚ್ಚಲಲ್ಲಿ ಕಾಲು ಜಾರುತ್ತದೆ, ಹಿರಿಯರಿದ್ದರೆ ನೆಲದ ಜಿಡ್ಡನ್ನು ಮೊದಲು ಸೀಗೆಪುಡಿ ಹಾಕಿ ತೊಳೆದುಬಿಡಿ. ಸ್ನಾನ ಆದ ಮೇಲೆ ಮೆಣಸಿನ ಸಾರು, ಅನ್ನ. ಹಿತ ಅಂದರೆ ಅದು.

ಆಮೇಲೆ ಸ್ವಲ್ಪ ಹೊತ್ತು ಮೌನ. ಗಾಂಧೀಜಿ ಸೋಮವಾರ ಮಾತಾಡುತ್ತಿರಲಿಲ್ಲ. ಹೇಳಲೇಬೇಕಾದ್ದು ಇದ್ದರೆ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ದೇಶದ ಅಷ್ಟು ಕೆಲಸ ತಲೆ ಮೇಲಿದ್ದಾಗಲೂ ಅದನ್ನು ಬಿಡಲಿಲ್ಲ. ಆದರೂ 1927ರಲ್ಲಿ ಆರೋಗ್ಯ ಕೆಟ್ಟು ನಂದಿ ಬೆಟ್ಟಕ್ಕೆ ಬಂದು ವಾರಗಟ್ಟಲೆ ವಿಶ್ರಾಂತಿ ತೆಗೆದುಕೊಳ್ಳಬೇಕಾಯಿತು. ನಮಗೆ ಇಡೀ ದಿನದ ಮೌನ ಬೇಡ. ಬೆಳಿಗ್ಗೆ ಎದ್ದು ಒಂದು ಗಂಟೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ ಅಂತ ಮಾಡಿ ನೋಡಿ. ಮೊದಲ ದಿನ ವಿಚಿತ್ರ ಅನ್ನಿಸುತ್ತದೆ. ಮೂರನೇ ವಾರದ ಹೊತ್ತಿಗೆ ಹಕ್ಕಿಯ ದನಿ, ಪಕ್ಕದ ಮನೆಯ ಕುಕ್ಕರ್ ಸೀಟಿ ಎಲ್ಲ ಕೇಳಲು ಶುರುವಾಗುತ್ತದೆ.

ಉಳಿದ ಹೊತ್ತಿಗೆ ನೀವು ಬರೆದ ಎರಡನೇ ಪಟ್ಟಿ ಇದೆ. ಪುಸ್ತಕ, ಚೌಕಾಬಾರ, ಕೆರೆ ಏರಿ ಮೇಲೆ ನಡಿಗೆ, ಹಾಡು, ಪ್ರಾರ್ಥನೆ. ಹನ್ನೊಂದಕ್ಕೆ ಇದು, ಹನ್ನೆರಡಕ್ಕೆ ಅದು ಅಂತ ವೇಳಾಪಟ್ಟಿ ಮಾಡಬೇಡಿ. ಪ್ರವಾಸವನ್ನೂ ಇದರಲ್ಲಿ ಸೇರಿಸಬೇಡಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಟ್ರಾಫಿಕ್‌ನಲ್ಲಿ ಕೂತು, ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೆ ಖುಷಿ ಆಗಬಹುದು, ದಣಿವು ಹೋಗುವುದಿಲ್ಲ. ಮದುವೆ ಮನೆಯೂ ಹಾಗೇ. ಹೋಗಬೇಕಾದ ವಾರ ಹೋಗಿ, ಅದರ ಬದಲು ಬೇರೆ ಅರ್ಧ ದಿನ ತೆಗೆದಿಡಿ.

ಮಧ್ಯಾಹ್ನ ಮೂರರ ಹೊತ್ತಿಗೆ ಬೇಜಾರು ಬರುತ್ತದೆ. ಬಂದೇ ಬರುತ್ತದೆ. ಮಕ್ಕಳು "ಬೋರ್ ಆಗ್ತಿದೆ" ಅನ್ನುತ್ತಾರೆ. ಕೈ ತಾನಾಗಿ ಡಬ್ಬಿಯ ಕಡೆ, ಟಿವಿ ರಿಮೋಟಿನ ಕಡೆ ಹೋಗುತ್ತದೆ. ಆ ಒಂದು ಗಂಟೆ ತಡೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮಾತು ಶುರುವಾಗುವುದು ಅದರ ನಂತರವೇ.

ಹಂತ 7: ಮುಗಿಸುವುದು

ಶುರುವಿಗೆ ಗುರುತು ಇದ್ದಂತೆ ಮುಗಿಸಲೂ ಒಂದು ಇರಲಿ. ಸಬ್ಬತ್ ಮುಗಿಯುವಾಗ ಯಹೂದ್ಯರು ಲವಂಗ, ಚಕ್ಕೆಯಂಥ ಮಸಾಲೆಯ ಘಮವನ್ನು ಮೂಸಿ ಹೊಸ ವಾರಕ್ಕೆ ಹೊರಡುತ್ತಾರೆ. ನೀವು ಸಂಜೆ ಊದುಬತ್ತಿ ಹಚ್ಚಬಹುದು. ಆಮೇಲೆ ಹತ್ತು ನಿಮಿಷ ನೋಟ್‌ಬುಕ್ ತೆರೆದು ಸೋಮವಾರದ ಮೊದಲ ಕೆಲಸ ಯಾವುದು ಅಂತ ನೋಡಿ, ಅಷ್ಟೇ. ಫೋನ್ ತೆಗೆದಾಗ ನೂರಾರು ಮೆಸೇಜು ಕಾಣುತ್ತವೆ. ಮಿಸ್ಡ್ ಕಾಲ್‌ಗಳನ್ನು ಮಾತ್ರ ನೋಡಿ, ಉಳಿದದ್ದು ಬೆಳಿಗ್ಗೆಗೆ.

ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ದಿನ ಮಾಡಿ ಸರಿದೂಗಿಸಲು ಹೋಗಬೇಡಿ. ಕ್ಯಾಲೆಂಡರಿನ ಮುಂದಿನ ಗುರುತಿಗೆ ಹೋಗಿ. ಶುರು ಮಾಡಲು ಒಳ್ಳೆಯ ಕಾಲ ಯಾವುದು ಅಂತ ಕೇಳಿದರೆ ನಾನು ಆಷಾಢ ಅನ್ನುತ್ತೇನೆ. ಆಗ ಮದುವೆ, ಗೃಹಪ್ರವೇಶಗಳ ಕರೆ ಇರುವುದಿಲ್ಲ. ಶ್ರಾವಣದ ಹಬ್ಬಗಳ ಸಾಲು ಬರುವಷ್ಟರಲ್ಲಿ ನಾಲ್ಕು ವಾರದ ಅಭ್ಯಾಸ ಆಗಿರುತ್ತದೆ.

ಕೆಲಸ ನಿಲ್ಲಿಸಲೇ ಆಗದವರಿಗೆ

ಹಸು ಕಟ್ಟಿದವರು ಕೇಳುತ್ತಾರೆ, ಬೆಳಿಗ್ಗೆ ಸಂಜೆ ಹಾಲು ಕರೆಯಲೇಬೇಕು, ಡೇರಿಗೆ ಹಾಕಲೇಬೇಕು, ಬಿಡುವು ಎಲ್ಲಿ ಅಂತ. ಅದಕ್ಕೆ ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ ದಾರಿ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು, ಕೂಲಿ ಲೆಕ್ಕ ಇಲ್ಲ. ಹಾಗೆಯೇ ಒಂದು ದಿನ ಅವರ ಹಸುವನ್ನು ನೀವು ಕರೆಯಿರಿ, ಇನ್ನೊಂದು ದಿನ ನಿಮ್ಮ ಹಸುವನ್ನು ಅವರು ಕರೆಯಲಿ. ಅಪರಿಚಿತರ ಕೈಗೆ ಹಸು ಹಾಲು ಬಿಡದೆ ಇರಬಹುದು. ಅದಕ್ಕೆ ಮೊದಲು ಎರಡು ಮೂರು ದಿನ ಜೊತೆಯಲ್ಲಿ ನಿಂತು ಅಭ್ಯಾಸ ಮಾಡಿಸಿ.

ಶಿಫ್ಟ್ ಕೆಲಸದವರು, ನರ್ಸ್‌ಗಳು, ಪೊಲೀಸರು, ಡ್ರೈವರ್‌ಗಳು ರಾತ್ರಿ ಪಾಳಿ ಮುಗಿದ ದಿನವನ್ನು ಬಿಡುವು ಅಂತ ಲೆಕ್ಕ ಹಾಕಬೇಡಿ. ಅದು ನಿದ್ದೆಯ ಸಾಲ ತೀರಿಸುವ ದಿನ. ಅದರ ಮರುದಿನ ನಿಮ್ಮ ಬಿಡುವು.

ಎಲ್ಲರಿಗಿಂತ ಕಷ್ಟ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರದು. ಅವರಿಗೆ ಇಡೀ ದಿನ ಸಿಗುವುದಿಲ್ಲ, ನಾಲ್ಕು ಗಂಟೆ ಸಿಕ್ಕರೂ ದೊಡ್ಡದು. ಅಣ್ಣನೋ ತಂಗಿಯೋ ಹತ್ತಿರದಲ್ಲಿದ್ದರೆ "ಯಾವಾಗಲಾದ್ರೂ ಬಂದು ಹೋಗು" ಅನ್ನಬೇಡಿ. "ಪ್ರತಿ ಭಾನುವಾರ ಎರಡರಿಂದ ಆರರವರೆಗೆ ನೀನು ಇರಬೇಕು" ಅಂತ ನೇರವಾಗಿ ಕೇಳಿ. ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಎಲ್ಲ ಬರೆದಿಡಿ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ನೀರು ಎಷ್ಟು, ಮಗ್ಗುಲು ಯಾವಾಗ ಬದಲಿಸಬೇಕು, ಒಗೆದ ಬಟ್ಟೆ ಎಲ್ಲಿದೆ, ಡಾಕ್ಟರ ನಂಬರ್. ಅದನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿ. ಆಗ ಬದಲಿಗೆ ಬಂದವರು ಅರ್ಧ ಗಂಟೆಗೊಮ್ಮೆ ನಿಮಗೆ ಫೋನ್ ಮಾಡಬೇಕಾಗುವುದಿಲ್ಲ.